ಬೂಟಿನ ಗೂಡಿನ ಕೆಳಗೆ ಗಾಳಿ

ನಮ್ಮನೆ ಬೂಟಿನ ಗೂಡಿನ ಕೆಳಗೆ
ಕೀಲು ಮುರಿದ ಹಳೆಯ ಲ್ಯಾಪ್‌ಟಾಪೊಂದು
ಹಗಲಿರುಳು ಗೊರಗೊರ ಎನ್ನುತ್ತದೆ,
ನೆಗಡಿಯಾದ ಬೆಕ್ಕಿನ ಹಾಗೆ.
ಅದರೊಳಗಿದೆ ನನ್ನ ಗಂಡನ ಇನ್ನೊಂದು ಮನೆ.

ಹಗಲು ಅವನು ಪಾರ್ಸೆಲ್ ಕಂಪನಿಯ ಆಳು.
ವಿಲ್ನಿಯಸ್ಸಿನ ಪೆಟ್ಟಿಗೆ ಕೌನಸ್ಸಿಗೆ ಹೋಗದಿರಲೆಂದು
ಸಾವಿರಾರು ಸಾಲು ಬರೆಯುತ್ತಾನೆ,
ಒಂದರಲ್ಲೂ ತನ್ನ ಹೆಸರಿಲ್ಲ.
ರಾತ್ರಿ ಬೀಟ್‌ರೂಟ್ ಸಾರು ಕುಡಿದು,
ಬಟ್ಟಲು ತೊಳೆದಿಟ್ಟು (ಅದೊಂದು ಒಳ್ಳೆಯ ಅಭ್ಯಾಸ)
ತನ್ನ ಮನೆ ಕಟ್ಟಲು ಕೂರುತ್ತಾನೆ.

ಬಾಗಿಲ ಮೇಲೆ ಹೆಸರು: ಸ್ಕಿರ್ಮಾಂತಸ್.
ಆ ಹೆಸರಿಗೇ ವರ್ಷಕ್ಕೆ ಹನ್ನೊಂದು ಯೂರೋ ಬಾಡಿಗೆ!
ಒಳಗೆ ಏಳು ಕೋಣೆ, ಐದಕ್ಕೆ ಸೂರಿಲ್ಲ.
ಅಜ್ಜಿಯ ಕರಾವಳಿ ನುಡಿಯಲ್ಲಿ ಹೊತ್ತು ಹೇಳುವ ಗಡಿಯಾರಕ್ಕೆ
ಮಧ್ಯಾಹ್ನ ಎರಡೂವರೆವರೆಗಷ್ಟೇ ಗೊತ್ತು.
ಅದರಾಚೆಯ ಮಾತು ಬರೆಸುವ ಮುಂಚೆ
ಅಜ್ಜಿ ಹೋಗಿಬಿಟ್ಟಳು.
ಕಡಲಹಕ್ಕಿಯ ಕೂಗು ಕೇಳಿ ವಯಸ್ಸು ಹೇಳುವುದೊಂದು:
ಎಲ್ಲ ಹಕ್ಕಿಗೂ ಮೂರು ಅನ್ನುತ್ತದೆ.
ಒಮ್ಮೆ ನಾನು ಸೀನಿದೆ. ನನಗೂ ಮೂರು.
ಹುಳಿಹಿಟ್ಟಿನ ಜಾಡಿಗೆ ಹಸಿವಾದರೆ ಗಂಟೆ ಬಾರಿಸುವುದು ಇನ್ನೊಂದು.
ಉಳಿದವು ಏನೆಂದು ಅವನಿಗೇ ನೆನಪಿಲ್ಲ.

ಪೂರ್ತಿಯಾದದ್ದೆಂದರೆ ಗಾಳಿ.
ಬಾಲ್ಕನಿಯಲ್ಲಿ ನಾಲ್ಕು ಮೊಸರಿನ ಲೋಟ ಕತ್ತರಿಸಿ
ಕಡ್ಡಿಗೆ ಸಿಕ್ಕಿಸಿದ್ದಾನೆ. ತಿರುಗುತ್ತದೆ.
ಕ್ಲೈಪೆಡಾದ ಮೊದಲ ದೋಣಿ ಎದುರಿನ ಮರಳದಡಕ್ಕೆ
ಹೊರಡುತ್ತದೋ ಇಲ್ಲವೋ, ಬಿಳಿ ಪುಟದಲ್ಲಿ
ಒಂದೇ ಮಾತು: ಹೋಗುತ್ತೆ. ಅಥವಾ: ಹೋಗಲ್ಲ.

ಬಂದರಿನವರೇ ಹೇಳ್ತಾರಲ್ಲ, ಅಂದೆ.
"ಅವರು ಹೇಳೋದು ಐದಕ್ಕೆ. ನಂದು ನಾಲ್ಕೂವರೆಗೆ."
ಅರ್ಧ ಗಂಟೆಗೆ ಇಷ್ಟು ಪಾಡೆ?
ಗುಬ್ಬಿ ಮೇಲೆ ಬ್ರಹ್ಮಾಸ್ತ್ರ.
ಅದಿರಲಿ, ಯಾರು ಬರ್ತಾರೆ ನಿನ್ನ ಮನೆಗೆ?

ಲೆಕ್ಕ ತೆರೆದು ತೋರಿಸಿದ.
ದಿನಕ್ಕೆ ಒಂದು. ನಾಲ್ಕು ಐವತ್ತೆರಡಕ್ಕೆ. ಒಂದೇ ಒಂದು.
ಅದು ಯಂತ್ರ ಕಣೋ, ಅಂದೆ,
ಊರೂರು ಅಲೆದು ಕಂಡಕಂಡ ಬಾಗಿಲು ತಟ್ಟುವಂಥವು
ಇರ್ತವಂತೆ.
"ಯಂತ್ರಕ್ಕೆ ಭಾನುವಾರ ಗೊತ್ತಾಗಲ್ಲ," ಅಂದ.
"ಇದು ಭಾನುವಾರ ಬರಲ್ಲ."

ಫೆಬ್ರವರಿಯಲ್ಲಿ ಅವನ ಹೊಟ್ಟೆ ಕೊಯ್ದರು,
ಅಪೆಂಡಿಕ್ಸ್. ಆರು ದಿನ ಆಸ್ಪತ್ರೆ.
ಮನೆ ಗುಡಿಸಲು ಹೋದವಳು ನಾನು
ಬೂಟಿನ ಗೂಡಿನ ಹಿಂದಿನ ಪ್ಲಗ್ ಕಿತ್ತು
ಧೂಳು ಹೀರುವ ಯಂತ್ರದ್ದು ಚುಚ್ಚಿದೆ.
ಆಮೇಲೆ ಮರೆತೆ. ಮನೆ ಎಷ್ಟು ನಿಶ್ಶಬ್ದ ಅನ್ನಿಸಿ
ಖುಷಿಯೂ ಪಟ್ಟೆ, ಸುಳ್ಳೇಕೆ ಹೇಳಲಿ.

ಮೂರನೆಯ ದಿನ ಅವನ ಫೋನು ನನ್ನ ಕೈಲಿತ್ತು.
ಗೊತ್ತಿಲ್ಲದ ವಿಳಾಸದಿಂದ ಒಂದು ಪತ್ರ,
ವಂದನೆಯಿಲ್ಲ, ಸಹಿ ಮಾತ್ರ: ಜೆನೋನಾ.

"ನಿಮ್ಮ ಗಾಳಿ ಸತ್ತಿದೆ.
ಬ್ರೆಡ್ಡು ವ್ಯಾನಿನಲ್ಲಿದೆ."

ಹಾಸಿಗೆಯಲ್ಲಿ ಅವನಿಗೆ ಓದಿ ಹೇಳಿದೆ.
ನಕ್ಕ. ಹೊಲಿಗೆ ಹಿಡಿದುಕೊಂಡು ನಕ್ಕ,
ನೋವಿಗೆ ಕಣ್ಣಲ್ಲಿ ನೀರು ಬಂತು, ಅಥವಾ
ನೋವಿಗಲ್ಲ.
"ಒಲೆ ಹಚ್ಚೋದಕ್ಕೆ ಮುಂಚೆಯೇ ನೋಡ್ತಾಳೆ ಅಂದ್ಕೊಂಡಿದ್ದೆ,"
ಅಂದ. "ಬ್ರೆಡ್ಡು ಆಗಲೇ ವ್ಯಾನಿನಲ್ಲಿರುತ್ತಾ!
ಹಾಗಾದ್ರೆ ನಾಲ್ಕಕ್ಕೇ ಹೇಳ್ಬೇಕು ನಾನು."

ಇಷ್ಟು ವರ್ಷ ಅವಳು, ಅವನು, ಯಂತ್ರ ಎಂದೆಲ್ಲ
ಕಾದಾಡಿದೆವು. ಅವಳೆಂದು ಅವನಿಗೆ
ಯಾವಾಗ ಗೊತ್ತಾಗಿತ್ತೋ, ಕೇಳಲಿಲ್ಲ.

ಮನೆಗೆ ಬಂದು ಬೂಟು ಕಳಚುವ ಮುಂಚೆ
ಮಂಡಿಯೂರಿ ಪ್ಲಗ್ ಚುಚ್ಚಿದೆ.
ಬೆಕ್ಕು ಕೆಮ್ಮಿತು, ಗೊರಗೊರ ಅಂತು.
ಬಾಲ್ಕನಿಯಲ್ಲಿ ಮಂಜು ಮೆತ್ತಿದ ಲೋಟಗಳು
ಅಲ್ಲಾಡಲಿಲ್ಲ. ಉಗುರಿಂದ ಕೆರೆದೆ,
ಬಿಸಿನೀರು ಹೊಯ್ದೆ, ಊದಿದೆ ಕೂಡ.

ಈಗ ಆ ಪ್ಲಗ್ಗಿನ ಮೇಲೆ ಗಾಯದ ಪಟ್ಟಿ ಅಂಟಿಸಿದ್ದೇನೆ,
ಆಸ್ಪತ್ರೆಯಿಂದ ತಂದದ್ದು.
ಅದರ ಮೇಲೆ ನನ್ನ ಕೈಬರಹ:
ಕೀಳಬೇಡ. ಬ್ರೆಡ್ಡು ಕಾಯ್ತಿದೆ.

ಗುಡಿಸುವವಳು ನಾನೊಬ್ಬಳೇ.
ಬರೆದುಕೊಂಡದ್ದು ನನಗೇ.