ಒಂದೂಕಾಲಿನ ತನಕ

ಗುಳಿಗೆ ಬರೆಯಲಿಲ್ಲ ಹೇಜಲ್ ಬ್ಲಾಂಚರ್ಡ್.
ಗೆರೆ ಎಳೆದ ಹಾಳೆ ಕೊಟ್ಟಳು:
ಮಲಗಿದ್ದೆಷ್ಟಕ್ಕೆ, ಎದ್ದದ್ದೆಷ್ಟಕ್ಕೆ,
ನಡುವೆ ಎಷ್ಟು ಸಲ ಗಡಿಯಾರ ನೋಡಿದ್ದು.

ಎರಡು ವಾರ ತುಂಬಿಸಿದೆ.
ಕೂಡಿ ಕಳೆದು ಹೇಳಿದಳು:
ಹಾಸಿಗೆಯಲ್ಲಿರುವುದು ಒಂಬತ್ತು ತಾಸು,
ನಿದ್ದೆ ಐದು.
ಹಾಗಾದರೆ ಐದೇ ತಾಸು ಹಾಸಿಗೆ.
ಒಂದೂಕಾಲಿನ ತನಕ ಮಲಗಕೂಡದು,
ಆರೂಕಾಲಿಗೆ ಏಳಲೇಬೇಕು.
ಇಪ್ಪತ್ತು ನಿಮಿಷದಲ್ಲಿ ಬಾರದಿದ್ದರೆ ಎದ್ದು ಹೊರಗೆ ಬನ್ನಿ,
ಹಾಸಿಗೆಗೆ ಜಗಳ ಕಲಿಸಬೇಡಿ.

ನಗು ಬಂತು.
ಹಸಿದವಳಿಗೆ ಉಪವಾಸ ಬರೆದುಕೊಟ್ಟ ಹಾಗೆ.

ಇಪ್ಪತ್ತೊಂಬತ್ತು ವರ್ಷ ಇದೇ ಗ್ರಿಮ್ಸ್‌ಬಿಯ ಆಸ್ಪತ್ರೆಯಲ್ಲಿ
ರಾತ್ರಿ ಪಾಳಿ ಮಾಡಿದವಳು ನಾನು.
ಕಾಗದದ ಪುಟ್ಟ ಬಟ್ಟಲಲ್ಲಿ ಎಷ್ಟು ಜನರಿಗೆ
ನಿದ್ದೆ ಹಂಚಿದೆನೋ, ಲೆಕ್ಕವಿಟ್ಟಿಲ್ಲ.
ನನ್ನ ಪಾಲಿಗೊಂದು ಚೂರು ತೆಗೆದಿಡಬೇಕೆಂದು
ಹೊಳೆಯಲೂ ಇಲ್ಲ.

ಹನ್ನೊಂದು. ಕಾಲುಚೀಲಗಳಿಗೆ ಜೋಡಿ ಹುಡುಕುತ್ತೇನೆ.
ಹನ್ನೆರಡು. ಹಡಗುಕಟ್ಟೆ ಕಡೆಯ ಗಾಳಿ, ಮೀನಿನ ವಾಸನೆ,
ಹಿಂದೆ ಹಿಂದೆ ಸರಿಯುವ ಯಾವುದೋ ವ್ಯಾನಿನ ಕೂಗು.
ರೆಪ್ಪೆ ಎಳೆಯುತ್ತದೆ. ಎದ್ದು ನಿಲ್ಲುತ್ತೇನೆ.
ತೂಕಡಿಸುವ ಹೊಸ ನರ್ಸುಗಳ ಭುಜ ಅಲುಗಿಸುತ್ತಿದ್ದೆನಲ್ಲ,
ಈಗ ನನ್ನ ಭುಜ ನಾನೇ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ:
ನಮ್ಮ ಗಾದೆ ಹೇಜಲ್‌ಗೆ ಬಿಡಿಸಿ ಹೇಳಿದೆ.
ಸರಿ, ಸಂತೆಯನ್ನೇ ನಡೆಸಿ, ಅಂದಳು,
ಸಂಜೆ ಐದರಿಂದ ಐದೂವರೆ. ಆಮೇಲೆ ಬಾಗಿಲು ಹಾಕಿ.

ಅಂದಿನಿಂದ ಅಡುಗೆಮನೆಯ ಮೇಜಿನ ಮೇಲೆ
ಗೋಣಿ ಹಾಸಿ ಕೂರುತ್ತೇನೆ.
ಬಾಯ್ಲರಿನ ರಿಪೇರಿ. ಎಡ ಮೊಣಕಾಲು.
ನಾದಿನಿಗೆ ಬರೆಯದೇ ಉಳಿದ ಕಾಗದ.
ಬೆಡ್ ಹದಿನಾಲ್ಕರ ಮಿಸ್ಟರ್ ಸ್ಟೋಕ್ಸ್:
ಆ ರಾತ್ರಿ ಕರೆಗಂಟೆ ಒತ್ತಿದ್ದರು,
ಬಂದೆ ಅಂದವಳು ತಡಮಾಡಿದ್ದೆ.
ಎಲ್ಲ ಮಾರಾಟಕ್ಕೆ. ಗಿರಾಕಿ ಇಲ್ಲ.
ಐದೂವರೆಗೆ ಗಂಟು ಕಟ್ಟುತ್ತೇನೆ.
ಸ್ಟೋಕ್ಸ್ ಮಾತ್ರ ಗಂಟಿಗೆ ಸೇರುವುದಿಲ್ಲ,
ಕೋಲೂರಿ ಮೆಟ್ಟಿಲು ಹತ್ತಿ ಬರುತ್ತಾರೆ.

ಮೊದಲ ವಾರ ಬಸ್ಸಿನಲ್ಲಿ ಅತ್ತೆ.
ಎರಡನೇ ವಾರ ಸಕ್ಕರೆ ಡಬ್ಬಿಗೆ ಉಪ್ಪು ಸುರಿದೆ.
ಮೂರನೇ ವಾರದ ಗುರುವಾರ
ಗಡಿಯಾರದ ಮುಖ ಗೋಡೆಗೆ ತಿರುಗಿಸಿ
ದಿಂಬಿಗೆ ತಲೆ ಕೊಟ್ಟೆ.
ಕರೆಗಂಟೆ ಕೇಳಿಸಿತು.
ಬಂದೆ, ಅಂದೆ.

ಆಮೇಲೆ ಕಡಲಹಕ್ಕಿಗಳ ಗಲಾಟೆ, ಆರೂಕಾಲರ ಅಲಾರಂ,
ಕೆನ್ನೆಯ ಮೇಲೆ ದಿಂಬಿನ ಗೆರೆ.

ಹಾಳೆಯಲ್ಲಿ ಆ ಒಂದು ಮನೆ ಖಾಲಿ ಬಿಟ್ಟಿದ್ದೇನೆ, ಹೇಜಲ್.
ಎಷ್ಟು ಹೊತ್ತಿಗೆ ನಿದ್ದೆ ಬಂತು?
ಗೊತ್ತಿಲ್ಲ.
ನಾನಿರಲಿಲ್ಲ.