ಟೊಳ್ಳಿನ ಬಾಡಿಗೆ

ಮೊದಲು ವಿಮಾನದವರನ್ನು ಕೇಳಿದೆ.
ನೂರ ತೊಂಬತ್ತು ಕಿಲೋ ಅಂದೆ. ಆ ಕಡೆ ಮೌನ,
ಆಮೇಲೆ ಒಂದು ಮೊತ್ತ:
ಆರ್ಗನ್ನಿಗೆ ಕೊಟ್ಟದ್ದರ ಆರು ಪಟ್ಟು.

ಹ್ಯಾಂಬರ್ಗಿನ ಬೀಗ ಬಿದ್ದ ಇಗರ್ಜಿಯೊಂದರಿಂದ ಕೊಂಡದ್ದು.
ನಾಲ್ಕು ಜನ ಹೊತ್ತು, ಮೆಟ್ಟಿಲಿಗೊಮ್ಮೆ ಉಸಿರುಬಿಟ್ಟು
ಗ್ಯಾರೇಜಿಗೆ ಇಳಿಸಿದೆವು.
ಅಲ್ಲಿ ಸೆಕೊಂಡಿಯಲ್ಲಿ ಅರಬಾ ಅತ್ತೆ
ಗೋಡೆಯ ಪಕ್ಕ ಆಗಲೇ ಜಾಗ ಗುಡಿಸಿಟ್ಟಿದ್ದಾಳೆ.

ಊರಿಗೆ ಹಳೇ ಫ್ರಿಜ್ಜು ಕಳಿಸುವ ಕ್ವಾಮೆನಾ
ಟೇಪು ಹಿಡಿದು ಬಂದ. ತೂಕ ಕೇಳಲೇ ಇಲ್ಲ.
"ಕಡಲಿಗೆ ಭಾರದ ಚಿಂತೆಯಿಲ್ಲ ತಮ್ಮಾ,
ಎಷ್ಟು ಜಾಗ ತಿನ್ನುತ್ತೋ ಅಷ್ಟೇ ಲೆಕ್ಕ.
ಟೊಳ್ಳಿಗೂ ಬಾಡಿಗೆ ಕೊಡ್ತೀಯ, ತುಂಬಿಸು."

ತುಂಬಿಸಿದೆ.
ಪೆಡಲುಗಳ ಸಂದಿಗೆ ಮಕ್ಕಳ ಬೂಟು,
ಸ್ಪೀಕರಿನ ಹೊಟ್ಟೆಗೆ ಟವೆಲು, ಸೋಪು, ಅತ್ತೆಯ ಬಿಪಿ ಯಂತ್ರ.
ಕರಿಬಿಳಿ ಮನೆಗಳ ಮೇಲೆ ನನ್ನ ಚಳಿಗಾಲದ ಕೋಟು ಹೊದಿಸಿದೆ,
ಅಲ್ಲಿ ಯಾರಿಗೂ ಬೇಡದ ಕೋಟು.

ಹಾಸಿಗೆ, ಟಯರುಗಳ ನಡುವೆ ಅದು ಹೇಗೋ ಸೇರಿತು.
ಕಂಟೇನರಿನ ಬಾಗಿಲು ಎಳೆದಾಗ
ಕೂರುವ ಬೆಂಚು ಮಾತ್ರ ಹೊರಗೆ,
ಒಂದೇ ಒಂದು ಗೇಣು ಹೆಚ್ಚು.

ಈಗ ನನ್ನ ಅಡುಗೆಮನೆಯಲ್ಲಿದೆ.
ಬೆಳಗ್ಗೆ ಅದರ ಮೇಲೆ ಕೂತು ಗಂಜಿ ಕುಡಿಯುತ್ತೇನೆ.
ಕಾಲು ತಾನಾಗಿ ಕೆಳಗೆ ತಡಕುತ್ತದೆ.