ಕೆನ್ನೆ ಇಡುವ ಜಾಗ

ಗ್ವಾಡಿಕ್ಸ್ ಊರಿನ ಗುಡ್ಡ ಕೊರೆದ ಮನೆಗಳೊಳಗೆ
ಬೇಸಿಗೆ ಕಾಲಿಡುವುದಿಲ್ಲ.
ಕಸಿಲ್ದಾ ಉಣ್ಣೆಯನ್ನು ಹೊರಗೆಳೆದು
ಸುಣ್ಣ ಬಳಿದ ಹೊಗೆಗೂಡಿನ ಪಕ್ಕ ಹರವಿ
ಬಾದಾಮಿ ಕೋಲಿನಿಂದ ಬಡಿಯುತ್ತಾಳೆ.
ಐವತ್ತೆರಡು ಬೇಸಿಗೆ.
ಧೂಳು ಊರಿನವರದು, ಗೂರಲು ಅವಳದು.

ಇದ್ರೀಸ್ ಬಂದ, ತೆತುವಾನಿನ ಹುಡುಗ,
ಪೀಚ್ ತೋಟದ ಕೂಲಿ, ಸ್ಪ್ಯಾನಿಷ್ ಇನ್ನೂ ಅರೆಬೆಂದದ್ದು.
ಬೇಕಾದ್ದರ ಹೆಸರು ಬಾಯಿಗೆ ಬಾರದೆ
ಅಂಗೈ ಮೇಲೆ ಕೆನ್ನೆಯಿಟ್ಟು ಕಣ್ಣು ಮುಚ್ಚಿ ತೋರಿಸಿದ.
“ಅಲ್ಮೊಆದಾ,” ಅಂದಳು, ಕೂಸಿಗೆ ಕಲಿಸುವ ಹಾಗೆ.
ನಕ್ಕುಬಿಟ್ಟ. “ಅಯ್ಯೋ, ಅದು ನಮ್ಮದು!
ಅಲ್-ಮಿಖದ್ದಾ. ಖದ್ದ್ ಅಂದರೆ ಇದು.”
ಬೆರಳು ಮುಟ್ಟಿದ ಕಡೆ
ಹಣ್ಣಿನ ನವಿರು ಧೂಳು ಇನ್ನೂ ಅಂಟಿತ್ತು.

ನಾನು ಬರೆಯುವ ನುಡಿಯಲ್ಲಿ ಅದು ತಲೆದಿಂಬು:
ತಲೆಗೆ, ಅಂದರೆ ನಾಳಿನ ಬಾಡಿಗೆಗೆ, ಮಗಳ ಜ್ವರಕ್ಕೆ.
ಅವರು ಕೆನ್ನೆಯನ್ನು ನೆನೆದು ಹೆಸರಿಟ್ಟರು.
ಮುತ್ತು ಬೀಳುವುದೂ ಏಟು ಬೀಳುವುದೂ ಅಲ್ಲಿಯೇ.

ಅರಸರು ಬದಲಾದರು.
ಬಾಂಗು ನಿಂತ ಗೋಪುರಕ್ಕೆ ಗಂಟೆ ಏರಿತು.
ತನಿಖೆಯವರು ಮನೆಮನೆ ಹೊಕ್ಕು
ಹಂದಿಕೊಬ್ಬು ಕಾಣದ ಬಾಣಲೆ ಮೂಸಿದರು,
ಶುಕ್ರವಾರ ಮಡಿಯುಟ್ಟವರನ್ನು ಬರೆದುಕೊಂಡರು,
ಜನರನ್ನು ಹಡಗು ಹತ್ತಿಸಿದರು.
ರಾತ್ರಿ ದಣಿದು ಮನೆಗೆ ಹೋಗಿ ಮಲಗಿದರು.
ಯಾವುದರ ಮೇಲೆ ಅಂತ
ತಮ್ಮನ್ನು ತಾವು ಕೇಳಿಕೊಳ್ಳಲಿಲ್ಲ.

ಗಂಟಲಾಳದ ಆ ‘ಖ’
ಪೋರ್ಚುಗಲ್ಲಿನ ಕಡೆ ತುಟಿಯಂಚಿಗೆ ಬಂದು ‘ಫ’ ಆಯಿತು, ಅಲ್ಮುಫಾದಾ.
ಇಲ್ಲಿ ಸವೆದು ಬರಿಯ ಉಸಿರಾಗಿ,
ಉಸಿರೂ ಹೋಗಿ,
ಕಾಗುಣಿತದಲ್ಲಷ್ಟೇ ಕೂತ ಮೂಕ ಅಕ್ಷರ.
ಇಟ್ಟಿಗೆಯಿಟ್ಟು ಮುಚ್ಚಿದ ಬಾಗಿಲಿನ ಚೌಕ
ಗೋಡೆಯಲ್ಲಿ ಕಾಣುತ್ತದಲ್ಲ, ಹಾಗೆ.

“ಎಷ್ಟು?” ಅಂದ. “ಹದಿನೈದು ಯೂರೋ.”
ಅವನ ಜೇಬಲ್ಲಿ ಹನ್ನೊಂದು.
ಆ ದೇಶದಲ್ಲಿ ಮನಸ್ಸು ಗಟ್ಟಿಯಾಗದಾಗ ಎಲ್ಲರೂ ಅನ್ನುವುದನ್ನೇ ಅಂದಳು:
“ದಿಂಬಿನ ಹತ್ತಿರ ಕೇಳಿ, ನಾಳೆ ಹೇಳ್ತೀನಿ.”

ಅವತ್ತು ಗುಹೆಯ ಕತ್ತಲಲ್ಲಿ
ಬಹಳ ವರ್ಷಕ್ಕೆ ಅಂಗಾತ ಬಿಟ್ಟು ಮಗ್ಗುಲಾದಳು.
ಮೊದಲು ಎಡಗೆನ್ನೆ. ಉಣ್ಣೆ ಚುಚ್ಚಿತು.
ಅಷ್ಟು ಹೊಲಿದಿದ್ದೇನೆ,
ಒಳಗೆ ಯಾರದೋ ಮುಖವಿತ್ತೆಂದು
ಸೂಜಿಗೂ ತಗುಲಲಿಲ್ಲವಲ್ಲ.
ಹೊರಗೆ ಯಾರದೋ ನಾಯಿ ಬೊಗಳಿ ಸುಮ್ಮನಾಯಿತು.

ಬೆಳಿಗ್ಗೆ ದಾರ ಕಚ್ಚಿ ಕತ್ತರಿಸುತ್ತ ಅಂದಳು:
“ಒಂದು ಕೆನ್ನೆಗೆ ಹನ್ನೊಂದು ಯೂರೋ.
ಮಗ್ಗುಲು ಬದಲಿಸಿದರೆ
ಇನ್ನೊಂದಕ್ಕೆ ಪುಕ್ಕಟೆ.”